ಚಿತ್ರದ ನಿಖರ ಪ್ರತಿಗೆ ಫೋಟೊ: ಕಿಟಕಿ, ಎಲ್‌ಇಡಿ, ಫ್ಲ್ಯಾಶ್, ಪೋಲರೈಸರ್ – ಯಾವ ಚಿತ್ರಕ್ಕೆ ಯಾವುದು?

ವಾರ್ನಿಶ್ ಹಚ್ಚಿದ ತೈಲಚಿತ್ರವೊಂದನ್ನು ಕಿಟಕಿಯ ಹತ್ತಿರ ಇಟ್ಟು ಎದುರು ನಿಂತು ನೋಡಿ. ಕಡುಗಪ್ಪು ಭಾಗದ ಮೇಲೆ ತೆಳ್ಳನೆಯ ಬಿಳಿ ಪೊರೆ ಹಾಸಿದ ಹಾಗೆ ಕಾಣುತ್ತದೆ. ತಲೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದರೆ ಪೊರೆ ಮಾಯ, ಕಪ್ಪು ಮತ್ತೆ ಕಪ್ಪು. ನೋಡುವವರು ತಮಗೇ ಗೊತ್ತಿಲ್ಲದೆ ಹೀಗೆ ಅತ್ತಿತ್ತ ವಾಲಿ ನಿಜವಾದ ಬಣ್ಣವನ್ನು ಹೆಕ್ಕಿಕೊಳ್ಳುತ್ತಾರೆ. ಟ್ರೈಪಾಡ್ ಮೇಲೆ ಕೂತ ಕ್ಯಾಮೆರಾ ವಾಲುವುದಿಲ್ಲ. ಪೊರೆಯನ್ನೂ ಬಣ್ಣವೆಂದೇ ಬರೆದುಕೊಳ್ಳುತ್ತದೆ.

ಮುದ್ರಣಕ್ಕೋ ದಾಖಲೆಗೋ ಚಿತ್ರದ ಫೋಟೊ ತೆಗೆಯುವಾಗ ಆಗುವ ತಪ್ಪುಗಳಲ್ಲಿ ಹೆಚ್ಚಿನವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬಹುದು. ಚಿತ್ರ ತುಸು ವಾಲಿದ್ದರೆ ನೆಟ್ಟಗೆ ಮಾಡಬಹುದು, ಎಲ್ಲವೂ ಹಳದಿಗೆ ತಿರುಗಿದ್ದರೆ ವೈಟ್ ಬ್ಯಾಲೆನ್ಸ್ ಸರಿಪಡಿಸಬಹುದು, ಒಂದು ಮೂಲೆ ಮಂಕಾಗಿದ್ದರೆ ಎತ್ತಬಹುದು. ತಿದ್ದಲು ಆಗದ್ದು ಎರಡು. ಮೇಲ್ಮೈಯ ಹೊಳಪು ಬಣ್ಣದ ಮೇಲೆ ಕೂತುಬಿಟ್ಟರೆ ಅದರ ಕೆಳಗೆ ಏನಿತ್ತು ಎಂಬುದು ಫೈಲಿನಲ್ಲಿ ಇರುವುದೇ ಇಲ್ಲ. ಹಾಗೆಯೇ ದೀಪದ ಬೆಳಕಿನಲ್ಲಿ ಇಲ್ಲದ ಕೆಂಪು, ಚಿತ್ರದಿಂದ ಪ್ರತಿಫಲಿಸಿ ಬರುವುದೂ ಇಲ್ಲ. ಕೆಳಗಿನ ಹೋಲಿಕೆಯೆಲ್ಲ ಈ ಎರಡು ಲೆಕ್ಕದ ಮೇಲೆ ನಿಂತಿದೆ. ಕ್ಯಾಮೆರಾ ಯಾವುದು ಎಂಬುದು ಆಮೇಲಿನ ಮಾತು.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುವುದಾದರೆ: ಎ4 ಅಳತೆಯೊಳಗಿನ, ಮಟ್ಟಸವಾದ ಕಾಗದದ ಮೇಲಿನ ಜಲವರ್ಣ ಅಥವಾ ಶಾಯಿ ಚಿತ್ರಕ್ಕೆ ಸ್ಕ್ಯಾನರ್ ಸಾಕು. ಹೊಳಪಿಲ್ಲದ ದೊಡ್ಡ ಚಿತ್ರಕ್ಕೆ ಎರಡು ಒಳ್ಳೆಯ ಎಲ್‌ಇಡಿ ದೀಪ. ವಾರ್ನಿಶ್ ಇರುವ ನಯವಾದ ತೈಲಚಿತ್ರಕ್ಕೆ ಎರಡು ಫ್ಲ್ಯಾಶ್ ಮತ್ತು ಉದ್ದನೆಯ ಲೆನ್ಸ್. ಬಣ್ಣವನ್ನು ದಪ್ಪವಾಗಿ ಮೆತ್ತಿದ, ಹೊಳೆಯುವ ಚಿತ್ರಕ್ಕೆ ಹೊಳಪು ತಡೆಯುವ ಫಿಲ್ಟರ್, ಅಂದರೆ ಪೋಲರೈಸರ್, ಬಿಟ್ಟರೆ ದಾರಿಯಿಲ್ಲ. ಚಿನ್ನದ ರೇಕು ಇರುವ ಚಿತ್ರಕ್ಕೆ ಒಂದೇ ಫೋಟೊ ಸಾಲದು.

ಸ್ಕ್ಯಾನರೋ ಕ್ಯಾಮೆರಾವೋ

ಸ್ಕ್ಯಾನರಿನ ದೊಡ್ಡ ಅನುಕೂಲವೆಂದರೆ ಬೆಳಕು, ದೂರ, ಸಮಾಂತರತೆ ಎಲ್ಲವೂ ಪೆಟ್ಟಿಗೆಯೊಳಗೇ ನಿಗದಿಯಾಗಿರುವುದು. ಆದರೆ ಒಳಗಿರುವ ಸೆನ್ಸರ್ ಯಾವುದೆಂದು ನೋಡಿಕೊಳ್ಳಿ. ತೆಳ್ಳಗಿನ, ಹಗುರವಾದ ಸ್ಕ್ಯಾನರ್‌ಗಳಲ್ಲಿ ಸಾಮಾನ್ಯವಾಗಿ ಸಿಐಎಸ್ ಸೆನ್ಸರ್ ಇರುತ್ತದೆ. ಗಾಜಿಗೆ ಅಂಟಿಕೊಂಡಿರುವುದಷ್ಟೇ ಅದಕ್ಕೆ ಸ್ಪಷ್ಟ; ನೀರು ಕುಡಿದು ಅಲೆಯೆದ್ದ ಜಲವರ್ಣದ ಕಾಗದ ಒಂದೆರಡು ಮಿಲಿಮೀಟರ್ ಮೇಲೆದ್ದರೂ ಆ ಜಾಗ ಮಸುಕಾಗುತ್ತದೆ. ಸಿಸಿಡಿ ಸೆನ್ಸರ್ ಇರುವ ದಪ್ಪನೆಯ ಸ್ಕ್ಯಾನರ್ ಇಷ್ಟು ಉಬ್ಬುತಗ್ಗನ್ನು ಸಹಿಸಿಕೊಳ್ಳುತ್ತದೆ.

ಚಿತ್ರ ದೊಡ್ಡದಿದ್ದರೆ ತುಂಡುತುಂಡಾಗಿ ಸ್ಕ್ಯಾನ್ ಮಾಡಿ ಜೋಡಿಸುವುದುಂಟು. ಇಲ್ಲಿ ಒಂದು ಬಲೆ ಇದೆ. ಎರಡನೇ ಅರ್ಧಕ್ಕಾಗಿ ಹಾಳೆಯನ್ನು 180 ಡಿಗ್ರಿ ತಿರುಗಿಸಿ ಇಡುವುದು ಸುಲಭ ಎನಿಸುತ್ತದೆ. ಆದರೆ ಬಹುತೇಕ ಸ್ಕ್ಯಾನರ್‌ಗಳಲ್ಲಿ ದೀಪ ಒಂದೇ ಬದಿಯಿಂದ ಬೆಳಗುವುದರಿಂದ ಕಾಗದದ ತರಿಗಳ ನೆರಳು ಒಂದು ಅರ್ಧದಲ್ಲಿ ಮೇಲಕ್ಕೆ, ಇನ್ನೊಂದು ಅರ್ಧದಲ್ಲಿ ಕೆಳಕ್ಕೆ ಬೀಳುತ್ತದೆ. ಜೋಡಿಸಿದಾಗ ಅಂಚು ಎಷ್ಟೇ ನಿಖರವಾಗಿ ಕೂಡಿದರೂ ನಡುವೆ ಒಂದು ಗೆರೆ ಕಣ್ಣಿಗೆ ಹೊಡೆಯುತ್ತದೆ. ಹಾಳೆಯನ್ನು ತಿರುಗಿಸದೆ ಜರುಗಿಸಿ. ಅದಕ್ಕೆ ಸ್ಕ್ಯಾನರಿನ ಅಂಚು ಅಡ್ಡ ಬಂದರೆ ಕ್ಯಾಮೆರಾ ಹಿಡಿಯುವುದೇ ಲೇಸು. ಸ್ಕ್ಯಾನ್ ತಂತ್ರಾಂಶದಲ್ಲಿ ಸ್ವಯಂಚಾಲಿತ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿಬಿಡಿ. ಇಲ್ಲದಿದ್ದರೆ ಅದು ಕಾಗದವನ್ನು ಬಿಳಿ ಮಾಡುವ ಉತ್ಸಾಹದಲ್ಲಿ ಆಕಾಶದ ತಿಳಿ ಛಾಯೆಯನ್ನೂ ಒರೆಸಿಹಾಕುತ್ತದೆ.

ಪ್ಯಾಸ್ಟೆಲ್, ಇದ್ದಿಲು, ಪೂರ್ತಿ ಒಣಗದ ತೈಲವರ್ಣ, ಉಬ್ಬಿದ ಅಕ್ರಿಲಿಕ್ ಗಾಜನ್ನು ಮುಟ್ಟಲೇಬಾರದು. ಅವಕ್ಕೆ ಕ್ಯಾಮೆರಾವೇ ಗತಿ.

ಬೆಳಕಿನ ಮೂಲಗಳು

ಕಿಟಕಿಯ ಬೆಳಕು, ಅಂದರೆ ನೇರ ಬಿಸಿಲು ಬೀಳದ ಕಿಟಕಿ ಅಥವಾ ಹೊರಗಿನ ನೆರಳು, ಖರ್ಚಿಲ್ಲದ್ದು. ಅದರಲ್ಲಿ ಎಲ್ಲ ಬಣ್ಣವೂ ತುಂಬಿರುತ್ತದೆ. ಈ ಒಂದು ವಿಷಯದಲ್ಲಿ ದುಬಾರಿ ದೀಪಗಳೂ ಅದಕ್ಕೆ ಸಾಟಿಯಲ್ಲ. ತೊಂದರೆ ಬೇರೆ ಕಡೆ ಇದೆ. ಮೋಡ ಕವಿದಾಗ ಸುಮಾರು 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ; ಅಂಕಿ ಏರಿದಷ್ಟೂ ನೀಲಿ) ಇರುವ ಬೆಳಕು, ನೀಲಿ ಆಕಾಶವಷ್ಟೇ ಕಾಣುವ ನೆರಳಿನಲ್ಲಿ 8000, 10000 ದಾಟುತ್ತದೆ. ಒಂದು ಮೋಡ ಸರಿದರೆ ಎರಡು ಫೋಟೊಗಳ ನಡುವೆ ಬಣ್ಣವೂ ಪ್ರಮಾಣವೂ ಬದಲು. ಆದ್ದರಿಂದ ಪ್ರತಿ ಫೋಟೊದ ಬೆನ್ನಿಗೇ ಬಣ್ಣ ಹೊಂದಿಸಲು ಬಳಸುವ ಬೂದು ರಟ್ಟು, ಅಂದರೆ ಗ್ರೇ ಕಾರ್ಡ್, ಅದರದೊಂದು ಫೋಟೊ ಬೇಕೇ ಬೇಕು. ಕಿಟಕಿಯ ಕಡೆಯ ಅಂಚು ಬೆಳ್ಳಗೆ, ಆಚೆಯ ಅಂಚು ಕಪ್ಪಗೆ ಆಗದಿರಲು ಎದುರು ಬದಿಗೆ ಚಿತ್ರಕ್ಕಿಂತ ದೊಡ್ಡದಾದ ಬಿಳಿ ಥರ್ಮೊಕೋಲ್ ಹಲಗೆ ನಿಲ್ಲಿಸಿ. ಹೊಳಪಿಲ್ಲದ ಜಲವರ್ಣಕ್ಕೆ ಇಷ್ಟು ಸಾಕು. ವಾರ್ನಿಶ್ ಹಚ್ಚಿದ ಚಿತ್ರಕ್ಕೆ ಮಾತ್ರ ಕಿಟಕಿ ಬೇಡ, ಮೊದಲೇ ಹೇಳಿದ ಪೊರೆಯ ಕಾರಣಕ್ಕೆ. ಆಕಾಶ ಬಹಳ ದೊಡ್ಡ ದೀಪ. ಅದರ ಯಾವುದೋ ಒಂದು ತುಂಡು ಕ್ಯಾಮೆರಾಕ್ಕೆ ಪ್ರತಿಫಲಿಸಿಯೇ ತೀರುತ್ತದೆ.

ಎಲ್‌ಇಡಿಯ ಸುಖವೆಂದರೆ ಕಂಡದ್ದೇ ಸಿಗುವುದು. ಹೊಳಪು ಎಲ್ಲಿ ಕೂತಿದೆ, ನೆರಳು ಎಲ್ಲಿ ಬಿದ್ದಿದೆ ಎಂದು ಕಣ್ಣಾರೆ ನೋಡಿ ದೀಪ ಜರುಗಿಸಬಹುದು; ಹೊಸಬರಿಗೆ ಇದು ಚಿಕ್ಕ ಲಾಭವಲ್ಲ. ಕೊಳ್ಳುವಾಗ ಡಬ್ಬಿಯ ಮೇಲಿನ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಸಿಆರ್‌ಐ ಅಂಕಿ ಒಂದನ್ನೇ ನಂಬಬೇಡಿ. ಆ ಅಂಕಿ ಎಂಟು ಮಂದ ಬಣ್ಣಗಳ ಸರಾಸರಿ. ಕಡುಗೆಂಪನ್ನು ಅಳೆಯುವ ಆರ್9 ಎಂಬುದು ಆ ಎಂಟರಲ್ಲಿ ಸೇರಿಲ್ಲ. ಸಿಆರ್‌ಐ 90ರ ಮೇಲಿದ್ದೂ ಆರ್9 ಕಳಪೆಯಾಗಿರುವ ದೀಪಗಳುಂಟು. ಅವುಗಳ ಕೆಳಗೆ ಕ್ಯಾಡ್ಮಿಯಮ್ ಕೆಂಪು ಇಟ್ಟಿಗೆಯ ಬಣ್ಣಕ್ಕೆ ಇಳಿಯುತ್ತದೆ. ಸಿಆರ್‌ಐ 95ರ ಮೇಲೆ, ಆರ್9 90ರ ಮೇಲೆ ಇರುವಂಥದ್ದನ್ನೇ ಹುಡುಕಿ. ಬಿಳಿ ಎಲ್‌ಇಡಿಯ ಇನ್ನೊಂದು ಹುಟ್ಟುಗುಣ ನೀಲಿಯಲ್ಲಿ, ಸುಮಾರು 450 ನ್ಯಾನೋಮೀಟರ್ ತರಂಗಾಂತರದ ಹತ್ತಿರ, ಒಂದು ಎತ್ತರದ ಶಿಖರ. ಅದರ ಬೆನ್ನಿಗೇ 480ರ ಆಸುಪಾಸಿನಲ್ಲಿ ಒಂದು ಕಣಿವೆ. ಹಸಿರುನೀಲಿ ಛಾಯೆಗಳು, ಸಮುದ್ರದ ಚಿತ್ರಗಳಲ್ಲಿ ಬರುತ್ತವಲ್ಲ ಅಂಥವು, ಆ ಕಣಿವೆಗೆ ಬಿದ್ದು ಒಂದರೊಳಗೊಂದು ಬೆರೆತುಹೋಗುತ್ತವೆ. ಕಂಪ್ಯೂಟರಿನಲ್ಲಿ ಎಷ್ಟು ತಿಣುಕಿದರೂ ಅವನ್ನು ಮತ್ತೆ ಬಿಡಿಸಲಾಗದು.

ಎಲ್‌ಇಡಿ ಬಳಸುವಾಗ ಕೋಣೆಯ ಬೇರೆ ದೀಪಗಳನ್ನೆಲ್ಲ ಆರಿಸಿ ಪರದೆ ಎಳೆಯಬೇಕು. ಚಿತ್ರದ ಮೇಲೆ 1000 ಲಕ್ಸ್ ಬೆಳಕು ಬಿದ್ದರೆ, ಸೆನ್ಸರಿನ ಸಂವೇದನೆಯ ಅಳತೆಯಾದ ಐಎಸ್‌ಒ 100, ಲೆನ್ಸಿನ ಕಿಂಡಿಯ (ಅಪರ್ಚರ್) ಅಳತೆಯಾದ ಎಫ್/8ಕ್ಕೆ ಸುಮಾರು 1/6 ಸೆಕೆಂಡು ಬೇಕಾಗುತ್ತದೆ. ಅಷ್ಟು ಹೊತ್ತು ಯಾರೂ ನಡೆದಾಡಬಾರದು; ಮರದ ನೆಲವಾದರೆ ಇನ್ನೂ ಎಚ್ಚರ. ಅಗ್ಗದ ದೀಪಗಳು ಕಣ್ಣಿಗೆ ಕಾಣದಂತೆ ಮಿನುಗುವುದರಿಂದ 1/200ರಂಥ ವೇಗದಲ್ಲಿ ಅಡ್ಡಪಟ್ಟಿಗಳು ಮೂಡುತ್ತವೆ; ನಿಧಾನ ಶಟರ್‌ನಲ್ಲಿ ಈ ಕಾಟ ತಾನಾಗಿ ತಪ್ಪುತ್ತದೆ.

ಫ್ಲ್ಯಾಶ್ ನಮ್ಮ ಮಟ್ಟಿಗೆ ಮೊದಲ ಆಯ್ಕೆ. ಕ್ಸೆನಾನ್ ಕೊಳವೆಯ ಬೆಳಕು ಸುಮಾರು 5500 ಕೆಲ್ವಿನ್, ಕಣಿವೆಗಳಿಲ್ಲದ ತುಂಬು ಬೆಳಕು. ಅದರ ಶಕ್ತಿ ಎಷ್ಟೆಂದರೆ 1/125, ಎಫ್/8, ಐಎಸ್‌ಒ 100 ಇಟ್ಟರೆ ಕೋಣೆಯ ಮಾಮೂಲಿ ದೀಪದ ಬೆಳಕು ಲೆಕ್ಕಕ್ಕೇ ಬರುವುದಿಲ್ಲ. ಖಾತ್ರಿಗೆ ಫ್ಲ್ಯಾಶ್ ಆರಿಸಿ ಅದೇ ಸೆಟ್ಟಿಂಗ್‌ನಲ್ಲಿ ಒಂದು ಫೋಟೊ ತೆಗೆಯಿರಿ: ಪೂರ್ತಿ ಕಪ್ಪು ಬಂದರೆ ಸರಿ. ಕ್ಯಾಮೆರಾ ಅಲುಗಾಟದ ಚಿಂತೆಯೂ ಇಲ್ಲ. ಅನನುಕೂಲವೆಂದರೆ ಹೊಳಪು ಎಲ್ಲಿ ಕೂತಿತು ಎಂದು ಫೋಟೊ ತೆಗೆದ ಮೇಲೆಯೇ ಗೊತ್ತಾಗುವುದು. ಕ್ಯಾಮೆರಾದ ತಲೆಯ ಮೇಲೆ ಸಿಕ್ಕಿಸುವ ಚಿಕ್ಕ ಫ್ಲ್ಯಾಶ್‌ಗಳೂ ಆದೀತು, ಆದರೆ ತಲೆಯಿಂದ ಇಳಿಸಿ ಸ್ಟ್ಯಾಂಡಿಗೆ ಹಾಕಿ, ಎರಡಕ್ಕೂ ಮ್ಯಾನುಯಲ್‌ನಲ್ಲಿ ಒಂದೇ ಶಕ್ತಿ ಕೊಡಿ. ಶಕ್ತಿ ಬದಲಾದರೆ ಬಣ್ಣವೂ ತುಸು ಬದಲಾಗುತ್ತದೆ. ಕ್ಯಾಮೆರಾವೇ ಫ್ಲ್ಯಾಶಿನ ಶಕ್ತಿ ನಿರ್ಧರಿಸುವ ಸ್ವಯಂಚಾಲಿತ ಟಿಟಿಎಲ್ ಬೇಡವೇ ಬೇಡ. ಕಪ್ಪು ಚಿತ್ರ ಕಂಡರೆ ಅದು ಬೆಳಕು ಹೆಚ್ಚಿಸುತ್ತದೆ, ಬಿಳಿ ಕಂಡರೆ ತಗ್ಗಿಸುತ್ತದೆ.

ಫ್ಲ್ಯಾಶಿನ ಇನ್ನೊಂದು ಹುಳುಕು ನೇರಳಾತೀತ ಕಿರಣ. ಕಾಗದ ಬೆಳ್ಳಗೆ ಕಾಣಲೆಂದು ಸೇರಿಸಿದ ರಾಸಾಯನಿಕ ಅದನ್ನು ಹೀರಿ ನೀಲಿಯಾಗಿ ಹೊಳೆಯುತ್ತದೆ. ಗ್ರೇ ಕಾರ್ಡ್ ಸರಿಯಾಗಿಯೇ ಬಂದಿದೆ, ಕಾಗದ ಮಾತ್ರ ನೀಲಿ ಹೊಡೆಯುತ್ತಿದೆ ಎಂದರೆ ಕಾರಣ ಇದೇ. ನೇರಳಾತೀತ ತಡೆಯುವ ಲೇಪನವಿರುವ ಕೊಳವೆ, ಇಲ್ಲವೇ ದೀಪದ ಮುಂದೆ ಅಂಥ ಫಿಲ್ಟರ್ ಹಾಕಿದರೆ ಹೋಗುತ್ತದೆ. ಲೆನ್ಸಿಗೆ ಹಾಕಿದರೆ ಪ್ರಯೋಜನವಿಲ್ಲ: ಲೆನ್ಸಿನ ಕಡೆ ಬರುತ್ತಿರುವುದು ಆಗಲೇ ನೀಲಿಯಾಗಿಬಿಟ್ಟ ಬೆಳಕು.

ಹ್ಯಾಲೊಜೆನ್ ದೀಪದಲ್ಲಿ ಬಣ್ಣಗಳ ಕೊರತೆಯಿಲ್ಲ, ಆದರೆ ಬಿಸಿ ವಿಪರೀತ. ಪೋಲರೈಸಿಂಗ್ ಫಿಲ್ಮ್ ಅದರ ಮುಂದೆ ಸುರುಟಿಹೋಗುತ್ತದೆ. ಅದು ಉಗುಳುವ ಅತಿಗೆಂಪು ಕಿರಣ ಕೋಬಾಲ್ಟ್ ನೀಲಿ, ಅಲ್ಟ್ರಾಮರೀನ್‌ಗಳಿಗೆ ಕೇಡು. ಈ ವರ್ಣದ್ರವ್ಯಗಳು 700 ನ್ಯಾನೋಮೀಟರ್ ಆಚೆಗಿನ ಬೆಳಕನ್ನು ಜೋರಾಗಿ ಹಿಂತಿರುಗಿಸುತ್ತವೆ. ಕಣ್ಣಿಗೆ ಅದು ಕಾಣದು, ಕ್ಯಾಮೆರಾದ ಸೆನ್ಸರಿಗೆ ಅಷ್ಟಿಷ್ಟು ಕಾಣುತ್ತದೆ. ಹಾಗಾಗಿ ನೀಲಿ ಸೀರೆ ನೇರಳೆಗೆ ತಿರುಗುತ್ತದೆ. ಮನೆಯ ಟ್ಯೂಬ್‌ಲೈಟ್, ಸಿಎಫ್‌ಎಲ್ ಬಗ್ಗೆ ಹೆಚ್ಚು ಹೇಳಲು ಏನಿಲ್ಲ: 546 ನ್ಯಾನೋಮೀಟರಿನ ಪಾದರಸದ ಹಸಿರು ಗೆರೆ ಎಲ್ಲಕ್ಕೂ ಪಾಚಿ ಬಳಿಯುತ್ತದೆ. ಬೇಡ.

ಮೃದು ಬೆಳಕೋ ಗಡಸು ಬೆಳಕೋ

ಮುಖದ ಫೋಟೊ ತೆಗೆದು ಅಭ್ಯಾಸವಿರುವವರು ಇಲ್ಲಿಗೂ, ಬಿಳಿ ಬಟ್ಟೆಯಿಂದ ಬೆಳಕನ್ನು ಮೃದುವಾಗಿಸುವ ದೊಡ್ಡ ಪೆಟ್ಟಿಗೆಯಾದ ಸಾಫ್ಟ್‌ಬಾಕ್ಸ್ ತರುತ್ತಾರೆ. ಮ್ಯಾಟ್, ಅಂದರೆ ಹೊಳಪಿಲ್ಲದ, ಚಿತ್ರಕ್ಕೆ ತೊಂದರೆಯಿಲ್ಲ. ಹೊಳೆಯುವ ಚಿತ್ರಕ್ಕೆ ಅದೇ ಶತ್ರು. ಏಕೆಂದು ಲೆಕ್ಕ ಹಾಕಿಯೇ ನೋಡೋಣ.

ಚಿತ್ರ 90 ಸೆಂ.ಮೀ. ಅಗಲ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸ್, ಚಿತ್ರ ಪೂರ್ತಿ ತುಂಬಲು ಕ್ಯಾಮೆರಾ ಸುಮಾರು 1.3 ಮೀಟರ್ ದೂರದಲ್ಲಿರುತ್ತದೆ. ಚಿತ್ರದ ಬಲ ಅಂಚನ್ನು ಕ್ಯಾಮೆರಾ 19 ಡಿಗ್ರಿ ಓರೆಯಲ್ಲಿ ನೋಡುತ್ತದೆ. ಆ ಅಂಚು ಕನ್ನಡಿಯಾಗಿದ್ದರೆ ಅದರಲ್ಲಿ ಕಾಣುವುದು ಅಷ್ಟೇ ಓರೆಯಲ್ಲಿ ಹೊರಮುಖವಾಗಿರುವ ಜಾಗ. ಎಂದರೆ, ಬಲ ಅಂಚಿನಿಂದ ನೋಡಿದಾಗ 19 ಡಿಗ್ರಿಯೊಳಗೆ ಬಲಗಡೆ ಬೆಳ್ಳಗಿರುವ ಏನೇ ಇದ್ದರೂ ಅದು ಚಿತ್ರದ ಮೇಲೆ ಎಲ್ಲೋ ಒಂದು ಕಡೆ ಹೊಳಪಾಗಿ ಕೂರುತ್ತದೆ. ಈಗ 80 ಸೆಂ.ಮೀ. ಅಗಲದ ಸಾಫ್ಟ್‌ಬಾಕ್ಸನ್ನು ಚಿತ್ರದ ನಡುವಿನಿಂದ 1 ಮೀಟರ್ ಪಕ್ಕಕ್ಕೆ, 1 ಮೀಟರ್ ಮುಂದಕ್ಕೆ, ಪುಸ್ತಕಗಳಲ್ಲಿ ಹೇಳುವ 45 ಡಿಗ್ರಿಗೆ ನಿಲ್ಲಿಸಿ. ಅದರ ನಟ್ಟನಡು 29 ಡಿಗ್ರಿಯಲ್ಲಿದೆ, ಸುರಕ್ಷಿತ. ಆದರೆ ಅದರ ಒಳ ಅಂಚು ಸುಮಾರು 12 ಡಿಗ್ರಿಗೆ ಬಂದುಬಿಟ್ಟಿದೆ. 45 ಡಿಗ್ರಿ ಸರಿಯಾಗಿ ಇಟ್ಟರೂ ಬಲ ಅಂಚಿನಲ್ಲಿ ಬಿಳಿ ಪಟ್ಟಿ ಬಂತು ಎಂದು ಪರದಾಡುವುದು ಇಲ್ಲಿಯೇ.

ಮೂರು ಪರಿಹಾರಗಳಿವೆ. ಸಾಫ್ಟ್‌ಬಾಕ್ಸ್ ಕಳಚಿ ಚಿಕ್ಕ ರಿಫ್ಲೆಕ್ಟರ್ ಹಾಕುವುದು. ದೀಪವನ್ನು ಇನ್ನಷ್ಟು ಪಕ್ಕಕ್ಕೆ, 55–60 ಡಿಗ್ರಿಗೆ ಒಯ್ಯುವುದು. ಹಾಗೆ ಮಾಡಿದರೆ ಕುಂಚದ ಗೆರೆಗಳ ನೆರಳು ಉದ್ದವಾಗುತ್ತದೆ. ಅಥವಾ ಲೆನ್ಸ್ ಬದಲಿಸುವುದು: 100 ಮಿ.ಮೀ. ಲೆನ್ಸ್ ಆದರೆ ಕ್ಯಾಮೆರಾ 2.6 ಮೀಟರ್ ಹಿಂದಕ್ಕೆ ಹೋಗಿ 19 ಡಿಗ್ರಿ ಇದ್ದದ್ದು 10ಕ್ಕೆ ಇಳಿಯುತ್ತದೆ, ಅದೇ ಸಾಫ್ಟ್‌ಬಾಕ್ಸ್ ಕೂದಲೆಳೆಯಲ್ಲಿ ಪಾರಾಗುತ್ತದೆ. ಕೋಣೆಯಲ್ಲಿ ಜಾಗವಿದ್ದರೆ ಮೂರನೆಯದೇ ಉತ್ತಮ.

ಹೊಳಪಿಗೆ ದೀಪವೇ ಆಗಬೇಕೆಂದಿಲ್ಲ. ಕ್ಯಾಮೆರಾದ ಹಿಂದಿನ ಬಿಳಿ ಗೋಡೆ, ಬೆಳ್ಳಿಬಣ್ಣದ ಟ್ರೈಪಾಡ್, ಫೋಟೊ ತೆಗೆಯುವವರು ತೊಟ್ಟ ಹಳದಿ ಅಂಗಿ ಕೂಡ ಕಡು ಬಣ್ಣದ ಮೇಲೆ ಮೆಲ್ಲಗೆ ಬಣ್ಣ ಬಳಿಯುತ್ತವೆ. ಕಪ್ಪು ಅಂಗಿ ತೊಡಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಇಳಿಬಿಡಿ. ಗಾಜಿನ ಚೌಕಟ್ಟನ್ನು ಬಿಚ್ಚಲಾಗದ ಚಿತ್ರವಾದರೆ ಕಪ್ಪು ಬಟ್ಟೆಗೆ ಲೆನ್ಸಿನಷ್ಟೇ ತೂತು ಮಾಡಿ ಅದರ ಹಿಂದಿನಿಂದ ತೆಗೆಯಬೇಕು.

ಬೆಳಕು ಸಮನಾಗಿ ಹರಡಲು

ಒಂದೇ ದೀಪ ಸಾಕೇ? ಅದೇ 90 ಸೆಂ.ಮೀ. ಚಿತ್ರಕ್ಕೆ 1 ಮೀಟರ್ ಪಕ್ಕ, 1 ಮೀಟರ್ ಮುಂದೆ ಇಟ್ಟ ಒಂದು ದೀಪ ಹತ್ತಿರದ ಅಂಚಿಗೆ ದೂರದ ಅಂಚಿನ 3.7 ಪಟ್ಟು ಬೆಳಕು ಕೊಡುತ್ತದೆ. ಎರಡು ದೀಪ ಎದುರುಬದುರು ಇಟ್ಟರೆ ಎರಡು ಅಂಚುಗಳೂ ನಡುವಿಗಿಂತ ಶೇ. 21ರಷ್ಟು ಬೆಳ್ಳಗೆ. ದೀಪಗಳನ್ನು 2 ಮೀಟರ್ ಪಕ್ಕ, 2 ಮೀಟರ್ ಮುಂದಕ್ಕೆ ಒಯ್ದರೆ ಅದು ಶೇ. 6ಕ್ಕೆ ಇಳಿಯುತ್ತದೆ. ಅಂದರೆ ದೂರವೇ ಮದ್ದು. ಜಾಗ ಸಾಲದಿದ್ದರೆ ಪ್ರತಿ ದೀಪವನ್ನೂ ಚಿತ್ರದ ನಡುವಿಗೆ ಗುರಿಯಿಡದೆ ಆಚೆಯ ಅಂಚಿಗೆ ತಿರುಗಿಸಿ. ಹತ್ತಿರದ ಅಂಚಿಗೆ ಬೆಳಕಿನ ಕಡಿಮೆ ತೀವ್ರತೆಯ ಸೆರಗು ಮಾತ್ರ ತಾಗುತ್ತದೆ.

ಪರೀಕ್ಷೆಗೆ ಬೆಳಕು ಅಳೆಯುವ ಮೀಟರ್ ಬೇಕಿಲ್ಲ, ಒಂದು ಪೆನ್ಸಿಲ್ ಸಾಕು. ಚಿತ್ರದ ಜಾಗದಲ್ಲಿ ಬಿಳಿ ರಟ್ಟು ನಿಲ್ಲಿಸಿ, ಅದರ ನಡುವೆ ಪೆನ್ಸಿಲನ್ನು ಲಂಬವಾಗಿ ಒತ್ತಿ ಹಿಡಿಯಿರಿ. ಎಡಕ್ಕೊಂದು ಬಲಕ್ಕೊಂದು ನೆರಳು ಬೀಳುತ್ತದೆ. ಎರಡರ ಉದ್ದವೂ ಸಮ, ಕಪ್ಪೂ ಸಮ ಇರಬೇಕು. ಉದ್ದ ಬೇರೆಯಾದರೆ ದೀಪಗಳ ಕೋನ ಬೇರೆ. ಒಂದು ಹೆಚ್ಚು ಕಪ್ಪಾದರೆ ಅದರ ಎದುರು ಬದಿಯ ದೀಪ ಜೋರು ಅಥವಾ ಹತ್ತಿರ. ಎರಡೂ ನೆರಳು ಕೆಳಕ್ಕೆ ಇಳಿದಿದ್ದರೆ ದೀಪಗಳು ಚಿತ್ರದ ನಡುವಿಗಿಂತ ಎತ್ತರದಲ್ಲಿವೆ. ನಾಲ್ಕು ಮೂಲೆಗಳಲ್ಲೂ ಹೀಗೆ ನೋಡಿ. ಆಮೇಲೆ ಆ ಬಿಳಿ ರಟ್ಟಿನ ಫೋಟೊವನ್ನೇ ತೆಗೆದಿಟ್ಟುಕೊಳ್ಳಿ. ಫೋಟೊ ತಿದ್ದುವ ತಂತ್ರಾಂಶಗಳಾದ ಲೈಟ್‌ರೂಮ್ ಕ್ಲಾಸಿಕ್‌ನ ಫ್ಲ್ಯಾಟ್ ಫೀಲ್ಡ್, ಕ್ಯಾಪ್ಚರ್ ಒನ್‌ನ ಎಲ್‌ಸಿಸಿ ಸೌಲಭ್ಯಗಳು ಉಳಿದ ಏರುಪೇರನ್ನೂ ಲೆನ್ಸಿನ ಮೂಲೆಗತ್ತಲನ್ನೂ ಅದರಿಂದ ಕಳೆಯುತ್ತವೆ. ರಟ್ಟು ಹೊಳಪಿಲ್ಲದ್ದಾಗಿರಬೇಕು, ಲೆನ್ಸು, ಅಪರ್ಚರ್, ಫೋಕಸ್ ಬದಲಾಗಬಾರದು.

ಪೋಲರೈಸರ್: ಯಾವಾಗ ಬೇಕು, ಯಾವಾಗ ಬೇಡ

ದಪ್ಪ ಬಣ್ಣದ ಪ್ರತಿ ಉಬ್ಬಿಗೂ ನೂರಾರು ಪುಟ್ಟ ಇಳಿಜಾರುಗಳಿರುತ್ತವೆ, ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡಿದ ಕನ್ನಡಿ. ದೀಪವನ್ನು ಎಲ್ಲಿಟ್ಟರೂ ಕೆಲವು ಕನ್ನಡಿಗಳು ಕ್ಯಾಮೆರಾಕ್ಕೆ ತೋರಿಸಿಯೇ ತೋರಿಸುತ್ತವೆ. ಮೇಲಿನ ಕೋನದ ಲೆಕ್ಕ ಇಲ್ಲಿ ನಡೆಯದು. ದೀಪಗಳ ಮುಂದೆ ಪೋಲರೈಸಿಂಗ್ ಫಿಲ್ಮ್, ಲೆನ್ಸಿನ ಮೇಲೆ ಪೋಲರೈಸರ್ ಫಿಲ್ಟರ್, ಎರಡನ್ನೂ ಅಡ್ಡಾಡ್ಡ ತಿರುಗಿಸಿದರೆ ಮೇಲ್ಮೈಯಿಂದಲೇ ಪುಟಿದ ಬೆಳಕು ನಿಲ್ಲುತ್ತದೆ. ಬಣ್ಣದೊಳಗೆ ಹೊಕ್ಕು ಚದುರಿ ಬಂದದ್ದು ಮಾತ್ರ ದಾಟುತ್ತದೆ.

ಲೆನ್ಸಿಗಷ್ಟೇ ಫಿಲ್ಟರ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಾಮಾನ್ಯ. ಸಾಲದು. ಅದು ಕೆಲವು ಕೋನಗಳ ಹೊಳಪನ್ನು ಅರೆಬರೆ ತಗ್ಗಿಸುತ್ತದೆ ಅಷ್ಟೇ. ಎರಡೂ ದೀಪಗಳಿಗೆ ಫಿಲ್ಮ್ ಇರಬೇಕು, ಎರಡರ ಅಕ್ಷವೂ ಒಂದೇ ದಿಕ್ಕಿಗಿರಬೇಕು. ಹಾಳೆಯಿಂದ ಕತ್ತರಿಸುವಾಗಲೇ ಅಂಚಿನಲ್ಲಿ ಮಾರ್ಕರಿನಿಂದ ಬಾಣದ ಗುರುತು ಹಾಕಿಟ್ಟರೆ ಆಮೇಲೆ ಗೊಂದಲವಿಲ್ಲ. ಫ್ಲ್ಯಾಶಿನ ಮಾಡೆಲಿಂಗ್ ಬಲ್ಬು (ಬೆಳಕು ನೋಡಿಕೊಳ್ಳಲೆಂದು ಉರಿಯುತ್ತಲೇ ಇರುವುದು) ಆರಿಸಿಡಿ, ಅದರ ಬಿಸಿಗೂ ಫಿಲ್ಮ್ ಕಂದುತ್ತದೆ.

ಹೊಂದಿಸಲು ಅಡುಗೆಮನೆಯಿಂದ ಒಂದು ಸ್ಟೀಲ್ ಚಮಚ ತನ್ನಿ. ಅದರ ಉಬ್ಬಿದ ಬೆನ್ನನ್ನು ಚಿತ್ರದ ಜಾಗದಲ್ಲಿ ಹಿಡಿದರೆ ಎರಡು ದೀಪಗಳೂ ಎರಡು ಚುಕ್ಕೆಗಳಾಗಿ ಕಾಣುತ್ತವೆ. ಲೆನ್ಸಿನ ಫಿಲ್ಟರನ್ನು ನಿಧಾನ ತಿರುಗಿಸುತ್ತ ಹೋಗಿ. ಎರಡೂ ಚುಕ್ಕೆ ಒಟ್ಟಿಗೇ ಆರಿ ಕಡುನೀಲಿ ಅಥವಾ ನೇರಳೆ ಕಲೆಯಾದರೆ ಸರಿಹೋಯಿತು. ಒಂದು ಆರಿ ಇನ್ನೊಂದು ಉಳಿದರೆ ಆ ದೀಪದ ಫಿಲ್ಮ್ ವಾರೆಯಾಗಿದೆ. ಫ್ಲ್ಯಾಶ್ ಆದರೆ ಹತ್ತು ಡಿಗ್ರಿಗೊಂದರಂತೆ ಫೋಟೊ ತೆಗೆದು ನೋಡಬೇಕಾಗುತ್ತದೆ, ಇಲ್ಲಿ ಎಲ್‌ಇಡಿಯವರಿಗೆ ಆರಾಮ.

ಬೆಲೆ ತೆರಬೇಕಾದ್ದೂ ಇದೆ. ಸುಮಾರು ಮೂರು ಸ್ಟಾಪ್ (ಪ್ರತಿ ಸ್ಟಾಪಿಗೂ ಅರ್ಧ) ಬೆಳಕು ಹೋಗುತ್ತದೆ, ಉಳಿಯುವುದು ಎಂಟನೇ ಒಂದು ಪಾಲು. 1/6 ಸೆಕೆಂಡು ಇದ್ದದ್ದು ಒಂದೂಕಾಲು ಸೆಕೆಂಡಿಗೆ ಹೋಗುತ್ತದೆ. ಬಣ್ಣಗಳು ನೋಡಿದ್ದಕ್ಕಿಂತ ಗಾಢವಾಗಿ, ಕಪ್ಪು ಇನ್ನೂ ಆಳವಾಗಿ ಬರುತ್ತವೆ. ಹೊಳಪೇ ಇಲ್ಲದ ಕ್ಯಾನ್ವಾಸ್ ಪ್ಲಾಸ್ಟಿಕ್ ಹಾಳೆಯಂತೆ ಚಪ್ಪಟೆಯಾಗುತ್ತದೆ. ಚಿನ್ನ, ಬೆಳ್ಳಿಯ ರೇಕು ಮಸಿಯಂತೆ ಕಪ್ಪಾಗುತ್ತದೆ, ಏಕೆಂದರೆ ಲೋಹದಿಂದ ಬರುವುದೆಲ್ಲ ಮೇಲ್ಮೈಯ ಪುಟಿತವೇ, ಒಳಗಿಂದ ಚದುರಿ ಬರುವುದು ಏನೂ ಇಲ್ಲ. ಹಾಗಾಗಿ ಮ್ಯಾಟ್ ಚಿತ್ರಕ್ಕೆ ಪೋಲರೈಸರ್ ಹಾಕಬೇಡಿ. ಜಲವರ್ಣದ ಕಾಗದದ ಮೆದು ಹೊಳಹು ಅದರ ಗುಣ, ಅದನ್ನು ಕಿತ್ತು ಹಾಕಿದರೆ ಪ್ರತಿ ಮೂಲಕ್ಕಿಂತ ಜೋರಾಗಿ ಕಾಣುತ್ತದೆ.

ದಪ್ಪ ಬಣ್ಣದ ಚಿತ್ರಕ್ಕೆ ಒಂದು ಮಧ್ಯದ ದಾರಿ: ಪೂರ್ತಿ ಅಡ್ಡ ತಿರುಗಿಸಿದ ಮೇಲೆ ಫಿಲ್ಟರನ್ನು 20–30 ಡಿಗ್ರಿ ಹಿಂದಕ್ಕೆ ತಂದು, ಎಡ ದೀಪವನ್ನು ಮೇಲಕ್ಕೆತ್ತಿ ಬಲದ್ದಕ್ಕಿಂತ ಅರ್ಧದಿಂದ ಒಂದು ಸ್ಟಾಪ್ ಜೋರು ಮಾಡಿ. ಕುಂಚದ ಗೆರೆಗೆ ಉಸಿರು ಬರುತ್ತದೆ. ಬೆಳಕು ಮೇಲಿನಿಂದಲೇ ಬರಲಿ. ಕೆಳಗಿನಿಂದ ಬಂದರೆ ಉಬ್ಬು ತಗ್ಗಾಗಿ, ತಗ್ಗು ಉಬ್ಬಾಗಿ ಕಾಣುವ ಭ್ರಮೆಯಾಗುತ್ತದೆ. ಚಿನ್ನದ ರೇಕಿಗೆ ಟ್ರೈಪಾಡ್ ಅಲುಗಿಸದೆ ಎರಡು ಫೋಟೊ: ಬಣ್ಣಕ್ಕೆ ಒಂದು, ಆಮೇಲೆ ಫಿಲ್ಟರ್ ತೆಗೆದು, ದೀಪವನ್ನು ದೊಡ್ಡ ಬಿಳಿ ಹಲಗೆಗೆ ಹಾಯಿಸಿ, ಆ ಹಲಗೆ ಚಿನ್ನದಲ್ಲಿ ಪ್ರತಿಫಲಿಸುವಂತೆ ಇನ್ನೊಂದು. ಎರಡನೆಯದರಿಂದ ಚಿನ್ನವನ್ನಷ್ಟೇ ಮಾಸ್ಕ್ ಮಾಡಿ, ಅಂದರೆ ಬೇರ್ಪಡಿಸಿ, ಸೇರಿಸಬೇಕು.

ಕ್ಯಾಮೆರಾ, ಲೆನ್ಸ್, ನೇರ ನಿಲುವು

ಇಲ್ಲಿ ಆಯ್ಕೆ ಸುಲಭ. ಮ್ಯಾಕ್ರೊ ಲೆನ್ಸ್, 60ರಿಂದ 100 ಮಿ.ಮೀ., ಮೂಲೆಯವರೆಗೂ ಸ್ಪಷ್ಟ, ಗೆರೆ ಬಾಗದು. ಅಪರ್ಚರ್ ಎಫ್/8; ಎಫ್/11 ದಾಟಿದರೆ ಕಿಂಡಿಯಂಚಿನಲ್ಲಿ ಬೆಳಕು ಬಾಗುವ ವಿವರ್ತನೆಯಿಂದ ಎಲ್ಲವೂ ಮೆದುವಾಗುತ್ತದೆ. ಐಎಸ್‌ಒ ಕ್ಯಾಮೆರಾದ ಕನಿಷ್ಠ. ಕ್ಯಾಮೆರಾ ತಿದ್ದದೆ ಕೊಡುವ ರಾ ಫೈಲ್. ಫೋನಿನ ಕ್ಯಾಮೆರಾ ಬೇಡವೇ ಎಂದರೆ, ಅದರ ಅಗಲ ಲೆನ್ಸು ಮೇಲೆ ಹೇಳಿದ ಹೊಳಪಿನ ಕೋನವನ್ನು ಹಿಗ್ಗಿಸುತ್ತದೆ, ಜೊತೆಗೆ ಅದು ತಾನಾಗಿಯೇ ಬಣ್ಣಕ್ಕೆ ಮೆರುಗು ಹಚ್ಚುತ್ತದೆ. ಜಾಲತಾಣಕ್ಕೆ ಸಾಕು, ಮುದ್ರಣಕ್ಕಲ್ಲ.

ಮೆಗಾಪಿಕ್ಸೆಲ್ ಎಷ್ಟು ಬೇಕೆಂಬುದು ಮುದ್ರಣದ ಅಳತೆಯ ಮೇಲಿದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎ3ಗೆ 3508 × 4961, ಅಂದರೆ 17.4 ಮೆಗಾಪಿಕ್ಸೆಲ್, ಎ2ಗೆ ಅದರ ದುಪ್ಪಟ್ಟು. ಸಾಲದಿದ್ದರೆ ತುಂಡುಗಳಲ್ಲಿ ತೆಗೆದು ಜೋಡಿಸಿ, ಪ್ರತಿ ತುಂಡೂ ಪಕ್ಕದ್ದರೊಂದಿಗೆ ಶೇ. 30 ಹೊಂದಿಕೊಂಡಿರಲಿ. ಆಗ ಕ್ಯಾಮೆರಾವನ್ನು ತಿರುಗಿಸದೆ ಚಿತ್ರವನ್ನೇ ಜರುಗಿಸಿ: ದೀಪ, ಕೋನ, ಹೊಳಪು ಎಲ್ಲ ತುಂಡುಗಳಿಗೂ ಒಂದೇ ಆಗಿರುತ್ತದೆ. (ಜೋಡಿಸುವ ಕೆಲಸ ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ: ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2022ರಲ್ಲಿ ಪ್ರಕಟಿಸಿದ ರೆಂಬ್ರಾಂಟನ ‘ನೈಟ್ ವಾಚ್’ ಚಿತ್ರದ ಪ್ರತಿ 8439 ಫೋಟೊಗಳಿಂದ ಕೂಡಿದ್ದು, 717 ಗಿಗಾಪಿಕ್ಸೆಲ್. ಅಲ್ಲಿ ಚಿತ್ರವನ್ನು ಜರುಗಿಸುವ ಮಾತಿಲ್ಲ ಬಿಡಿ.)

ಸಮಾಂತರತೆಗೆ ಕನ್ನಡಿಯ ಉಪಾಯಕ್ಕಿಂತ ಮೇಲಾದದ್ದಿಲ್ಲ. ಚಿತ್ರ ಇಡುವ ಹಲಗೆಗೆ ಚಿಕ್ಕ ಚಪ್ಪಟೆ ಕನ್ನಡಿ ಒತ್ತಿ, ಲೆನ್ಸಿನ ಮೂಲಕ ನೋಡಿ. ಕನ್ನಡಿಯಲ್ಲಿ ಲೆನ್ಸಿನ ಕಣ್ಣು ಫ್ರೇಮಿನ ನಟ್ಟನಡುವೆ ಕಂಡರೆ ಕ್ಯಾಮೆರಾ ನೆಟ್ಟಗಿದೆ.

ಬಣ್ಣವನ್ನು ಕಟ್ಟಿಹಾಕುವುದು

ಗ್ರೇ ಕಾರ್ಡ್ ಮಾತ್ರವೋ, 24 ಬಣ್ಣದ ಚೌಕಗಳ ಕಲರ್‌ಚೆಕರ್ ಕೂಡ ಬೇಕೋ? ಗ್ರೇ ಕಾರ್ಡ್ ಬೂದು ಬಣ್ಣವನ್ನು ಬೂದು ಮಾಡುತ್ತದೆ, ಅಷ್ಟೇ. ಕೆಂಪು ಎಷ್ಟು ಕೆಂಪು ಎಂದು ಅದಕ್ಕೆ ಗೊತ್ತಿಲ್ಲ. ಮುದ್ರಣದ ಕೆಲಸವಿದ್ದರೆ 24 ಚೌಕಗಳ ಚಾರ್ಟ್ ಕೊಳ್ಳಿ. ಅದರಿಂದ ನಿಮ್ಮ ಕ್ಯಾಮೆರಾ, ನಿಮ್ಮ ದೀಪಕ್ಕೆಂದೇ ಬಣ್ಣ ತಿದ್ದುವ ಪ್ರೊಫೈಲ್ ಮಾಡಬಹುದು. ದೀಪ ಬದಲಾದರೆ ಹೊಸ ಪ್ರೊಫೈಲ್. ಪೋಲರೈಸರ್ ಬಳಸುವುದಾದರೆ ಚಾರ್ಟಿನ ಫೋಟೊವನ್ನೂ ಅದನ್ನು ಹಾಕಿಯೇ ತೆಗೆಯಬೇಕು, ಏಕೆಂದರೆ ಫಿಲ್ಮಿಗೂ ತನ್ನದೇ ಛಾಯೆಯಿದೆ.

ರಾ ತಂತ್ರಾಂಶಗಳು ಕೇಳದೆಯೇ ಒಂದು ಎಸ್ ಆಕಾರದ ಟೋನ್ ಕರ್ವ್ ಹಾಕಿ ಕಪ್ಪುಬಿಳುಪಿನ ಅಂತರ ಹಿಗ್ಗಿಸಿಡುತ್ತವೆ. ಪ್ರವಾಸದ ಫೋಟೊಗೆ ಅದು ಚೆಂದ, ಇಲ್ಲಿ ವಿಷ. ನ್ಯೂಟ್ರಲ್ ಅಥವಾ ಲೀನಿಯರ್ ಆರಿಸಿ. ನಂತರ ಚಾರ್ಟಿನ ಬೂದು ಸಾಲನ್ನು ಓದಿ. ಪರದೆಗಳ ಸಾಮಾನ್ಯ ಬಣ್ಣವ್ಯಾಪ್ತಿಯಾದ ಎಸ್‌ಆರ್‌ಜಿಬಿಯಲ್ಲಿ ಬಿಳಿಯಿಂದ ಕಪ್ಪಿನವರೆಗೆ ಆರು ಚೌಕಗಳು ಸುಮಾರು 243, 200, 160, 122, 85, 52 ಇರಬೇಕು. ಎಕ್ಸ್‌ಪೋಷರನ್ನು ಬಿಳಿ ಚೌಕ 243ಕ್ಕೆ ಬರುವಂತೆ ಹೊಂದಿಸಿ. ಚಿತ್ರದ ಮೇಲೆ ಬೆಳಕು ಅಳೆದು ನಿರ್ಧರಿಸಬೇಡಿ. ಬಿಳಿ ಸರಿಯಾಗಿದ್ದೂ ಕಪ್ಪು ಚೌಕ 52ರ ಬದಲು 70ರ ಹತ್ತಿರ ನಿಂತರೆ ಮೂರು ಬಣ್ಣಗಳ ಸ್ಲೈಡರ್‌ಗೆ ಕೈಹಾಕುವ ಮೊದಲು ಕೋಣೆಯನ್ನು ನೋಡಿ: ಎಲ್ಲಿಂದಲೋ ಬೆಳಕು ಬಂದು ಚಾರ್ಟಿನ ಮೇಲೆ ಅಥವಾ ಲೆನ್ಸಿನ ಮೇಲೆ ಬೀಳುತ್ತಿದೆ. ಚಾರ್ಟಿನ ಮೇಲೆ ಬಿದ್ದದ್ದು ಚಿತ್ರದ ಮೇಲೂ ಬಿದ್ದಿರುತ್ತದೆ.

ಇಷ್ಟಾದರೂ ಕೆಲವು ಬಣ್ಣಗಳು ಮಣಿಯುವುದಿಲ್ಲ. ಕೋಬಾಲ್ಟ್ ನೀಲಿಯ ಕಥೆ ಆಗಲೇ ಬಂತು. ಫ್ಲ್ಯಾಶ್ ಅಥವಾ ಎಲ್‌ಇಡಿಗೆ ಬದಲಿಸಿದರೂ ತುಸು ನೇರಳೆ ಉಳಿದರೆ ಆ ಭಾಗವನ್ನಷ್ಟೇ ಆರಿಸಿ ಕೈಯಿಂದ ತಿದ್ದಬೇಕು. ಕ್ವಿನಾಕ್ರಿಡೋನ್ ಗುಲಾಬಿ, ಥ್ಯಾಲೊ ಹಸಿರುನೀಲಿಗಳ ಗಾಢತೆ ಎಸ್‌ಆರ್‌ಜಿಬಿಯ ಬೇಲಿಯಾಚೆ ಹೋಗುತ್ತದೆ. ಅದಕ್ಕೇ ಮೂಲಪ್ರತಿಯನ್ನು 16 ಬಿಟ್ ಟಿಫ್ ಆಗಿ, ಅದಕ್ಕಿಂತ ಅಗಲ ವ್ಯಾಪ್ತಿಯ ಅಡೋಬಿ ಆರ್‌ಜಿಬಿ ಅಥವಾ ಪ್ರೊಫೋಟೊ ಆರ್‌ಜಿಬಿಯಲ್ಲಿ ಇಡಿ. ಫ್ಲೋರೆಸೆಂಟ್ ಬಣ್ಣಗಳನ್ನು ನಾಲ್ಕು ಶಾಯಿಯ ಮುದ್ರಣದಲ್ಲಿ ತರಲಾಗದು. ಚಿತ್ರಕಾರರಿಗೆ ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರೀಕ್ಷಾ ಪ್ರತಿ ಬಂದಾಗ ಅದನ್ನೂ ಮೂಲಚಿತ್ರವನ್ನೂ ಒಂದೇ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಮುದ್ರಣದವರು ಪಾಲಿಸುವ ಐಎಸ್‌ಒ 3664 ಎಂಬ ಮಾನದಂಡ ಹೇಳುವುದು 5000 ಕೆಲ್ವಿನ್ನಿನ ಡಿ50 ಬೆಳಕು, ನಿಖರ ಹೋಲಿಕೆಗೆ 2000 ಲಕ್ಸ್. ಮನೆಯ ಬಲ್ಬಿನ ಕೆಳಗೆ ಹೊಂದಿದ ಎರಡು ಕೆಂಪುಗಳು ಹಗಲಲ್ಲಿ ಬೇರೆಯಾಗಬಹುದು, ಏಕೆಂದರೆ ಒಂದು ವರ್ಣದ್ರವ್ಯ, ಇನ್ನೊಂದು ಶಾಯಿ. ಎರಡೂ ಬೆಳಕನ್ನು ಹೀರುವ ರೀತಿ ಒಂದೇ ಅಲ್ಲ. ಇಂಥ ಕಡೆ ಫೋಟೊವನ್ನು ಮತ್ತೆ ಮತ್ತೆ ತಿದ್ದುವುದು ವ್ಯರ್ಥ. ಪ್ರತಿ ಕೊನೆಗೆ ಯಾವ ಬೆಳಕಿನಲ್ಲಿ ತೂಗುತ್ತದೆ ಎಂದು ಕೇಳಿಕೊಂಡು ಆ ಬೆಳಕಿಗೆ ಹೊಂದಿಸಿ.